ರಾವುತನ ಸೋವಿ ಗಾಲಿ

ಕೃಷ್ಣಾ ನದಿಯ ದಂಡೆಗೆ ಒಂದು ಗರಡಿ. ಅದರಲ್ಲಿ ಕುಸ್ತಿ ಇಲ್ಲ, ಕೆಮ್ಮಣ್ಣಿನ ಅಖಾಡವೂ ಇಲ್ಲ. ಇರುವುದೆಲ್ಲ ಸೈಕಲ್ಲು.

ಬೆಳಕು ಹರಿದರೆ ಶಿಷ್ಯರು ರಸ್ತೆಗೆ ಇಳಿಯುತ್ತಾರೆ. ಬಿಸಿಲೇರಿದ ಮೇಲೆ ತಿರುಗಿ ಬಂದು ರೊಟ್ಟಿ ಬಡಿಯುತ್ತಾರೆ. ಕಲಿಸುವವರು ಯಮನಪ್ಪ ಉಸ್ತಾದರು. ಅವರ ಮಾತು ಕಡಿಮೆ. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡುವುದು ಇನ್ನೂ ಕಡಿಮೆ.

ಒಂದು ಮುಂಜಾನೆ ರಾವುತನೆಂಬ ಶಿಷ್ಯ ಸೈಕಲ್ಲು ತಳ್ಳಿಕೊಂಡು ಬಂದ. ಮೊಣಕೈ ತರಚಿತ್ತು. ಹೆಲ್ಮೆಟ್ಟಿನ ಸಂದಿಯಲ್ಲಿ ತೊಗರಿಯ ಹೂವೊಂದು ಸಿಕ್ಕಿಕೊಂಡಿತ್ತು.

ಉಸ್ತಾದರು ಹೀರೇಬಳ್ಳಿಗೆ ನೀರು ಹಾಕುತ್ತಿದ್ದರು.

“ಉಸ್ತಾದ್ರ, ಐತವಾರ ನಾ ರೇಸಿಗೆ ಬರಂಗಿಲ್ರಿ.”

“ಬ್ಯಾಡ ಬಿಡು.”

ರಾವುತ ನಿಂತೇ ಇದ್ದ. ಯಾಕೆ ಅಂತ ಕೇಳುತ್ತಾರೆ, ಆಮೇಲೆ ಹೇಳೋಣ ಅಂದುಕೊಂಡಿದ್ದ. ಉಸ್ತಾದರು ಕೊಡ ಬಗ್ಗಿಸಿ ಇನ್ನೊಂದು ಬುಡಕ್ಕೆ ನೀರು ಬಿಟ್ಟರು.

“ಯಾಕಂತ ಕೇಳಂಗಿಲ್ಲೇನ್ರಿ?”

“ಹೇಳಾಕಂತನ ಬಂದೀದಿ. ಹೇಳು.”

ಐತವಾರದ ರೇಸು ಸಾಮಾನ್ಯದ್ದಲ್ಲ. ಜೂನಿಯರ್ ಹುಡುಗರ ರಾಜ್ಯ ತಂಡಕ್ಕೆ ಆಯ್ಕೆ. ಗುಡ್ಡ ಹತ್ತಬೇಕು, ಆಚೆ ಇಳಿಯಬೇಕು, ಬಯಲು ದಾಟಿ ಹೊಳೆಯ ಸೇತುವೆ ಮುಟ್ಟಬೇಕು. ತಂಡದಲ್ಲಿ ಉಳಿದಿದ್ದು ಒಂದೇ ಜಾಗ. ಮೊದಲು ಮುಟ್ಟಿದವನಿಗೆ ಅದು.

ರಾವುತನಿಗೆ ಜೂನಿಯರ್ ವಯಸ್ಸಿನ ಕಡೆಯ ವರ್ಷ. ಈ ಸಲ ತಪ್ಪಿದರೆ ತಪ್ಪಿದ್ದೇ. ಆಮೇಲೆ ಅಣ್ಣನ ಜೊತೆ ಕಲ್ಲುಗಣಿಗೆ ಹೋಗಬೇಕು. ಸೈಕಲ್ಲು ಆಗ ಗಣಿಗೆ ಹೋಗಿ ಬರುವ ಸೈಕಲ್ಲು, ಅಷ್ಟೇ.

“ಗುಡ್ಡದ ಇಳಕಲಿನ್ಯಾಗ ಬ್ರೇಕ್ ಹಿಡೀಲಿಲ್ರಿ. ಜಾರಿ ತೊಗರಿ ಹೊಲಕ್ಕ ಹೋಗಿ ಬಿದ್ದೆ. ಮೊನ್ನೀನೂ ಹಿಂಗ ಆತು. ಗಾಲಿ ಸೋವಿ ಅದಾವ್ರಿ. ಅದಕ್ಕ.”

ಅವು ಕಾರ್ಬನ್ ಗಾಲಿ. ಕರ್ರಗೆ, ಒಂದೇ ಬೆರಳಿನಲ್ಲಿ ಎತ್ತಬಹುದು ಅನ್ನುವಷ್ಟು ಹಗುರ. ಅಣ್ಣನೇ ದಸರೆಗಿಂತ ಮೊದಲು ತರಿಸಿಕೊಟ್ಟಿದ್ದ. ರಟ್ಟಿನ ಪೆಟ್ಟಿಗೆಯಲ್ಲಿ ಬಂದವು. ಬೆಲೆ ಕಡಿಮೆ, ಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ.

ಬೇವಿನ ಗಿಡದ ಕೆಳಗಿಂದ ಒಂದು ನಗು ಬಂತು. ಬೆಳಗಾವಿಯ ತುಷಾರ. ಅವನೂ ಇದೇ ಗರಡಿಯ ಶಿಷ್ಯ. ಐತವಾರದ ರೇಸಿನಲ್ಲಿ ಅವನೂ ಇದ್ದ. ರಾವುತನಿಗಿಂತ ಒಂದು ವರ್ಷ ಚಿಕ್ಕವನು, ನಾಲಿಗೆ ಮಾತ್ರ ದೊಡ್ಡದು. ಅವನ ಗಾಲಿ ಹೊರದೇಶದವು. ಅವುಗಳ ಹೆಸರು ಫರ್ಲಾಂಗು ದೂರದಿಂದ ಓದಬಹುದಿತ್ತು.

“ಲೇ ರಾವುತ್ಯಾ, ತೊಗರಿ ಹೊಲಕ್ಕ ಯಾಕ ಹೋಗಿದ್ದಿ? ಇನ್ನೂ ಕಾಯಿ ಹಿಡದಿಲ್ಲಲೇ!”

“ನೀ ಬಾಯಿ ಮುಚ್ಚು. ಗಾಲಿಗೆ ರೊಕ್ಕ ಸುರದೋರ ಮಾತ ಬ್ಯಾರೆ.”

“ಸುರದಾಂವ ನಮ್ಮ ಮಾಮಾ. ತುಳಿಯಾಂವ ನಾನ ಅಲ್ಲೇನು?”

ರಾವುತ ಅವನ ಕಡೆ ನೋಡಲಿಲ್ಲ. ಉಸ್ತಾದರ ಹತ್ತಿರ ಕುಕ್ಕರುಗಾಲಿನಲ್ಲಿ ಕೂತ.

“ಖರೇ ಹೇಳ್ರಿ ಉಸ್ತಾದ್ರ. ಸೋವಿ ಗಾಲಿ ದೊಡ್ಡ ಹೆಸರಿನ ಗಾಲಿಗೆ ಸರಿಸಾಟಿ ಆಗತೈತೇನ್ರಿ?”

ಉಸ್ತಾದರು ಹೀರೇಬಳ್ಳಿಯ ಚಪ್ಪರ ತೋರಿಸಿದರು. ಚಪ್ಪರಕ್ಕೆ ಅವರು ಬಿದಿರು ಹಾಕಿರಲಿಲ್ಲ. ಒಡೆದ ಎರಡು ಕಾರ್ಬನ್ ಗಾಲಿ ಕಟ್ಟಿದ್ದರು. ಬಳ್ಳಿ ಎರಡನ್ನೂ ಸುತ್ತಿಕೊಂಡು ಮೇಲೆ ಹೋಗಿತ್ತು.

“ಒಂದು ದೊಡ್ಡ ಹೆಸರಿಂದು. ಒಂದು ಸೋವಿ. ಯಾವುದು ಯಾವುದು?”

ರಾವುತ ಎಲೆ ಸರಿಸಿ ನೋಡಿದ. ಎರಡೂ ಬಿಸಿಲಿಗೆ ಬೆಳ್ಳಗಾಗಿದ್ದವು. ಎರಡೂ ಬಿರುಕು ಬಿಟ್ಟಿದ್ದವು.

“ತಿಳೀವಲ್ದ್ರಿ.”

“ಬಳ್ಳಿಗೂ ತಿಳೀಲಿಲ್ಲ. ಹಬ್ಬಿತು.”

“ಹಂಗಾರ ಎರಡೂ ಒಂದ ಅಂತೀರೇನ್ರಿ?”

“ಹಂಗಂತ ಬಳ್ಳಿ ಅಂತೈತಿ. ಬಳ್ಳಿ ಇಳಕಲಿಗೆ ಇಳಿಯಂಗಿಲ್ಲ.”

ತುಷಾರ ಮತ್ತೆ ನಕ್ಕ. ರಾವುತನಿಗೆ ಸಿಟ್ಟು ಬಂತು.

“ನನಗ ಒಗಟಾ ಬ್ಯಾಡ್ರಿ. ಗಾಲಿ ಹಗುರ ಅದಾವು, ಅದು ಖರೇ. ಆದ್ರ ಹೆಸರಿಲ್ಲದ ಮಾಲು. ನಂಬಿ ಗುಡ್ಡ ಹೆಂಗ ಇಳೀಲಿ?”

“ಗಾಲಿ ಹಗುರ ಇರಲಿ ತಮ್ಮಾ. ನೀ ಅದನ್ನ ಹಗುರ ತಿಳದೀದಿ.”

ಅಷ್ಟು ಹೇಳಿ ಉಸ್ತಾದರು ಎದ್ದರು. ಕೈ ಒರೆಸಿಕೊಂಡು ಇಬ್ಬರನ್ನೂ ಕರೆದರು.

“ನಾಳೆ ಗಾಲಿ ಅದಲಿ ಬದಲಿ. ಅವನ ಗಾಲಿ ಮ್ಯಾಲೆ ನೀನು, ನಿನ್ನ ಗಾಲಿ ಮ್ಯಾಲೆ ಅಂವ. ಗುಡ್ಡ ಇಳದು ಬರ್ರಿ.”

ತುಷಾರನ ನಗು ನಿಂತಿತು.

“ಉಸ್ತಾದ್ರ, ಅಂವ ಬಿದ್ದ ಗಾಲಿ ಮ್ಯಾಲೆ ನಾ ಯಾಕ ಬೀಳಬೇಕ್ರಿ?”

“ತುಳಿಯಾಂವ ನೀನ ಅಂದೆಲ್ಲ?”

ತುಷಾರ ಗೊಣಗುತ್ತ ತನ್ನ ಸೈಕಲ್ಲಿನ ಕಡೆ ಹೋದ.

ಮರುದಿನ ಬೆಳಗ್ಗೆ ಬೇವಿನ ಕೆಳಗೆ ಸೈಕಲ್ಲು ಬುಡಮೇಲು ನಿಂತವು. ಗಾಲಿ ಬಿಚ್ಚಿದರು. ತುಷಾರನಿಗೆ ಒಂದು ರೂಢಿ ಇತ್ತು. ಹತ್ತುವ ಮೊದಲು ಗಾಲಿಯ ಅಂಚು ಒರೆಸುತ್ತಿದ್ದ. ಬ್ರೇಕಿನ ರಬ್ಬರು ಬಂದು ಹಿಡಿಯುವ ಜಾಗ ಅದು. ಅಲ್ಲಿ ಜಿಡ್ಡಿದ್ದರೆ ರಬ್ಬರು ಜಾರುತ್ತದೆ.

ಬಿಳಿ ಬಟ್ಟೆಗೆ ಸ್ಪಿರಿಟ್ ಹಾಕಿ ರಾವುತನ ಗಾಲಿಗೆ ಒತ್ತಿ ಒಂದು ಸುತ್ತು ತಿರುಗಿಸಿದ. ಬಟ್ಟೆ ನೋಡಿದ. ಮತ್ತೆ ನೋಡಿದ.

ಬಟ್ಟೆ ಕೆಂಪಾಗಿತ್ತು.

“ಉಸ್ತಾದ್ರ! ಇಂವ ಗಾಲಿಗೆ ಲಗ್ನಾ ಮಾಡ್ಯಾನ್ರಿ!”

ಉಸ್ತಾದರು ಬಂದು ಬಟ್ಟೆ ಮೂಸಿದರು. ಕುಂಕುಮ. ವಿಭೂತಿ. ಎಣ್ಣೆ.

“ಏನಿದು?”

ರಾವುತನ ಮುಖ ಇಳಿಯಿತು.

“ಖಂಡೇ ಪೂಜಿ ಮಾಡಿದ್ದೆರೀ.”

“ಆಯುಧ ಪೂಜಿ ಮಹಾನವಮಿಗೆ ಆತು. ಇದು ಹಸೀದು ಐತಿ.”

“ದಿನಾ ಒಂದೀಟ ಹಚ್ಚತೇನ್ರಿ. ಹತ್ತೂ ಮುಂದ. ಎಣ್ಣಿ ಒಂದ ಬೆರಳು, ಮ್ಯಾಲೆ ವಿಭೂತಿ, ಕುಂಕುಮ. ನಮ್ಮ ಮನ್ಯಾಗ ಬಂಡಿ ಗಾಲಿಗೂ ಹಂಗ ಮಾಡ್ತಾರ್ರಿ.”

ತುಷಾರ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತ. ಉಸ್ತಾದರು ನಗಲಿಲ್ಲ.

“ಬಂಡಿಗೆ ಬ್ರೇಕ್ ಎಲ್ಲಿ ಇರತೈತಿ?”

“ಬಂಡಿಗೆ ಎಲ್ಲಿ ಬ್ರೇಕ್ರೀ? ಎತ್ತಿನ ಮೂಗಿನ್ಯಾಗ ಮೂಗದಾಣ ಇರತೈತಿ. ಅದನ್ನ ಜಗ್ಗೂದು.”

“ಮೂಗದಾಣಕ್ಕ ಎಣ್ಣಿ ಹಚ್ಚತಾರೇನು?”

“ಇಲ್ರಿ. ಕೈ ಜಾರತೈತಿ.”

“ನಿನ್ನ ಸೈಕಲ್ಲಿನ ಮೂಗದಾಣ ಎಲ್ಲಿ ಐತಿ?”

ರಾವುತ ಗಾಲಿಯ ಅಂಚು ನೋಡಿದ. ತನ್ನ ಬೆರಳು ನೋಡಿದ. ಆ ಬೆರಳಿನಲ್ಲಿ ಇನ್ನೂ ಕುಂಕುಮ ಇತ್ತು.

“ಪೂಜಿ ಮಾಡಬಾರದಿತ್ತೇನ್ರಿ?”

“ಮಾಡು. ಕಣ್ಣು ತಗದು ಮಾಡು.”

ತುಷಾರ ಕಣ್ಣೊರೆಸಿಕೊಂಡು ಎದ್ದ. ರಾವುತನ ಗಾಲಿ ಎರಡೂ ತೊಳೆದ. ರಾವುತನ ಬ್ರೇಕಿನ ರಬ್ಬರು ಕೂಡ ಕಿತ್ತು, ಕೆಂಪು ಹೋಗುವ ತನಕ ಉಜ್ಜಿದ. ಉಜ್ಜುತ್ತಲೇ ಗೊಣಗಿದ.

“ನನ್ನ ಗಾಲಿಗೆ ಮಾತ್ರ ಕುಂಕುಮ ಮುಟ್ಟಿಸಿದಿ ಅಂದ್ರ ನಿನ್ನ ಬಿಡಂಗಿಲ್ಲ ನೋಡು.”

ಇಬ್ಬರೂ ಗುಡ್ಡ ಹತ್ತಿದರು. ಮೇಲೆ ಒಂದು ಕ್ಷಣ ನಿಂತರು. ಕೆಳಗೆ ತೊಗರಿಯ ಹೊಲ, ಅದರಾಚೆ ಹೊಳೆ.

ಇಳಿದರು.

ರಾವುತ ಮುಂದಿದ್ದ. ತಿರುವಿನಲ್ಲಿ ಬ್ರೇಕ್ ಒತ್ತಿದ, ಗಾಲಿ ಮಾತು ಕೇಳಿತು. ಮುಂದಿನ ತಿರುವಿನಲ್ಲೂ ಕೇಳಿತು. ದೊಡ್ಡ ಹೆಸರು ದೊಡ್ಡ ಹೆಸರೇ ಅಂದುಕೊಂಡ. ತುಷಾರ ಎಲ್ಲೋ ಹಿಂದೆ ಉಳಿದಿರಬೇಕು ಅಂತ ತಿರುಗಿದ.

ತುಷಾರ ಹೆಗಲಿಗೆ ಹೆಗಲು ಹತ್ತಿ ಬಂದಿದ್ದ.

“ಸರಕೋ ದೋಸ್ತ, ದಾರಿ ನಿಮ್ಮಪ್ಪಂದಲ್ಲ!”

ಗರಡಿಗೆ ಇಬ್ಬರೂ ಒಟ್ಟಿಗೇ ಬಂದರು.

“ಹೆಂಗಿದ್ದು?” ಅಂದರು ಉಸ್ತಾದರು.

“ಬ್ರೇಕ್ ಚೊಲೋ ಹಿಡೀತಾವ್ರಿ,” ಅಂದ ತುಷಾರ. “ನನ್ನವಕ್ಕೂ ಇವಕ್ಕೂ ಇಳಕಲಿನ್ಯಾಗ ಏನೂ ಫರಕ ಕಾಣಲಿಲ್ಲ. ಆದ್ರ ಹಿಂದಿನ ಗಾಲಿ ತಿರುವಿನ್ಯಾಗ ಟಿಕ್ ಟಿಕ್ ಅಂತೈತಿ. ಒಂದೀಟ ತೊನದಾಡತೈತಿ.”

ರಾವುತ ಜಿಗಿದು ಎದ್ದ.

“ನೋಡ್ರಿ! ನಾ ಹೇಳಲಿಲ್ಲೇನ್ರಿ? ಸೋವಿ ಅಂದ್ರ ಸೋವೀನ!”

ಉಸ್ತಾದರು ಮೊದಲು ತುಷಾರನ ಗಾಲಿ ತೆಗೆದುಕೊಂಡರು. ಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿದರು. ಎಲ್ಲ ಕಡ್ಡಿಗೂ ಒಂದೇ ಸ್ವರ.

ರಾವುತನ ಗಾಲಿ ಮೀಟಿದರು. ಒಂದು ಕಡ್ಡಿ ಕೂಗಿತು, ಒಂದು ಕೆಮ್ಮಿತು, ಒಂದು ಮಾತೇ ಆಡಲಿಲ್ಲ.

“ರಿಮ್ಮು ಒಡದೈತೇನು, ನೋಡು.”

ರಾವುತ ಕಣ್ಣು ಹತ್ತಿರ ಹಿಡಿದು ಸುತ್ತ ನೋಡಿದ. ಬೆರಳಾಡಿಸಿದ.

“ಇಲ್ರಿ.”

“ನಡುವಿನ ಬೇರಿಂಗು?”

ತಿರುಗಿಸಿದ. ಗಾಲಿ ಸದ್ದಿಲ್ಲದೆ ತಿರುಗಿತು, ತಿರುಗುತ್ತಲೇ ಇತ್ತು.

“ಚೊಲೋ ಐತ್ರಿ.”

“ಮತ್ತ ಸೋವಿ ಎಲ್ಲಿ ಐತಿ?”

ರಾವುತ ಮತ್ತೊಮ್ಮೆ ಗಾಲಿ ತಿರುಗಿಸಿ ನೋಡಿದ.

ಉಸ್ತಾದರು ಕಟ್ಟೆಯ ಮೇಲೆ ಕೂತರು. ಅವತ್ತು ಮಾತ್ರ ಅವರು ನಾಲ್ಕು ಮಾತು ಹೆಚ್ಚು ಆಡಿದರು.

“ದೊಡ್ಡ ಹೆಸರಿನ ಗಾಲಿ ಪೆಟ್ಟಿಗಿಗೆ ಹೋಗೂಕಿಂತ ಮದಲ ಅದರ ಮುಂದ ಒಬ್ಬಾಂವ ಕುಂತಿರತಾನ. ಎಲ್ಲಾ ಕಡ್ಡಿ ಕೇಳಿರತಾನ. ಬಿರುಕಿದ್ದದ್ದು ತಗದ ಒಗದಿರತಾನ. ತುಷಾರನ ಮಾಮಾ ರೊಕ್ಕಾ ಕೊಟ್ಟದ್ದು ಬರೇ ಹೆಸರಿಗಲ್ಲ. ಆ ಕುಂತಾಂವಗ ಕೊಟ್ಟದ್ದು.”

“ಮತ್ತ ನನ್ನ ಗಾಲಿ ಮುಂದ್ರಿ?”

“ಯಾರೂ ಕುಂತಿಲ್ಲ.”

ಅವರು ಕಿಸೆಯಿಂದ ಕಡ್ಡಿ ಬಿಗಿ ಮಾಡುವ ಸಣ್ಣ ಕೀಲಿ ತೆಗೆದರು. ರಾವುತನ ಅಂಗೈಯಲ್ಲಿ ಇಟ್ಟರು.

“ಕುಂದ್ರು.”

ರಾವುತ ಕೂತ.

ಒಂದು ಕಡ್ಡಿ ಬಿಗಿ ಮಾಡಿದರೆ ಗಾಲಿ ಎಡಕ್ಕೆ ಹೋಯಿತು. ಇನ್ನೊಂದು ಬಿಗಿ ಮಾಡಿದರೆ ಬಲಕ್ಕೆ ಬಂತು. ಮಧ್ಯಾಹ್ನದ ಹೊತ್ತಿಗೆ ಗಾಲಿ ಮೊಟ್ಟೆಯಾಗಿತ್ತು.

“ಹುರದ ತಿಂತೀಯೋ, ಕುದಸ್ತೀಯೋ?” ಅಂತ ಕೇಳಿ ತುಷಾರ ಊಟಕ್ಕೆ ಹೋದ. ಹೋಗುವಾಗ ಒಂದು ಮಾತು ಒಗೆದು ಹೋದ. “ಒಂದನ್ನ ಬಿಗಿ ಮಾಡಿದ್ರ ಎದುರಿಂದು ಸಡಿಲ ಮಾಡಲೇ ಹುಚ್ಚಾ.”

ಸಂಜೆಗೆ ಗಾಲಿ ದುಂಡಗಾಯಿತು. ರಾವುತ ಅದನ್ನು ಉಸ್ತಾದರ ಮುಂದೆ ಹಿಡಿದ.

“ಸರಿ ಆತೇನ್ರಿ ಉಸ್ತಾದ್ರ?”

ಉಸ್ತಾದರು ಕೀಲಿ ಇಸಿದುಕೊಂಡು ಎಲ್ಲ ಕಡ್ಡಿ ಸಡಿಲ ಮಾಡಿದರು. ಗಾಲಿ ತಿರುಗಿ ಕೊಟ್ಟರು.

ಮರುದಿನ ರಾವುತ ಮತ್ತೆ ಕೂತ. ಈ ಸಲ ಬೇಗ ಬಂತು. ಬೆರಳು ಮೀಟಿದರೆ ಸ್ವರ ಹತ್ತಿರ ಹತ್ತಿರ ಕೇಳುತ್ತಿತ್ತು.

“ಈಗ ಸರಿ ಐತೇನ್ರಿ?”

ಉಸ್ತಾದರು ಮತ್ತೆ ಸಡಿಲ ಮಾಡಿದರು.

“ಏನ ತಪ್ಪೈತಿ ಹೇಳ್ರಲಾ!”

“ಗಾಲ್ಯಾಗ ಏನೂ ತಪ್ಪಿರಲಿಲ್ಲ.”

ರಾವುತ ಹೊಳೆಯ ಕಡೆ ಮುಖ ಮಾಡಿ ಕೂತ. ಅವನಿಗೆ ಅಳು ಬಂದಿತ್ತು. ಐತವಾರ ಹತ್ತಿರ ಬಂದಿತ್ತು. ಊರಿಂದ ಅಣ್ಣ ಫೋನು ಮಾಡಿ ಗಾಲಿ ಹೆಂಗದಾವ ಅಂತ ಕೇಳಿದ್ದ. ಚೊಲೋ ಅದಾವ ಅಂತ ಹೇಳಿ ರಾವುತ ಫೋನು ಇಟ್ಟಿದ್ದ.

ಎದ್ದ. ಗಾಲಿ ಎತ್ತಿಕೊಂಡು ಬೇವಿನ ಕೆಳಗೆ ಹೋದ. ಈ ಸಲ ಅವಸರ ಇರಲಿಲ್ಲ. ಬಿಗಿ ಮಾಡಿದ, ಮೀಟಿದ, ಕೇಳಿದ. ಸಡಿಲ ಮಾಡಿದ, ಮೀಟಿದ, ಕೇಳಿದ. ತುಷಾರ ಬಂದು ಏನೋ ಚಾಷ್ಟಿ ಮಾಡಿದ, ಅದು ಇವನ ಕಿವಿಗೆ ಬೀಳಲಿಲ್ಲ.

ಮುಗಿದಾಗ ರಾವುತ ಉಸ್ತಾದರ ಹತ್ತಿರ ಹೋಗಲಿಲ್ಲ. ಏನೂ ಕೇಳಲಿಲ್ಲ. ಗಾಲಿ ಏರಿಸಿ, ಬ್ರೇಕ್ ನೋಡಿ, ನೆಟ್ಟಗೆ ಗುಡ್ಡಕ್ಕೆ ಹೊರಟುಹೋದ.

ಉಸ್ತಾದರು ಹೀರೇಕಾಯಿ ಕೊಯ್ಯುತ್ತಿದ್ದರು. ತಲೆ ಎತ್ತಿ ನೋಡಿದರು. ಒಂದು ಕಾಯಿ ಹೆಚ್ಚು ಕೊಯ್ದರು.

ಊಟದ ಹೊತ್ತಿಗೆ ರಾವುತ ಬಂದ. ಮೈಯೆಲ್ಲ ಬೆವರು. ಹೆಲ್ಮೆಟ್ಟಿನಲ್ಲಿ ಹೂವಿಲ್ಲ, ಎಲೆಯೂ ಇಲ್ಲ.

“ಉಸ್ತಾದ್ರ, ಐತವಾರ ನಾ ಬರತೇನ್ರಿ.”

“ಬಾ. ಇಳಕಲಿನ್ಯಾಗ ಬ್ರೇಕ್ ಒತ್ತಿ ಹಿಡಕೊಂಡ ಕುಂದರಬ್ಯಾಡ. ಕಾರ್ಬನ್ ಕಾಯತೈತಿ, ಕಾದ್ರ ಒಡೀತೈತಿ. ಒತ್ತು, ಬಿಡು. ಒತ್ತು, ಬಿಡು.”

“ದೊಡ್ಡ ಹೆಸರಿನ ಗಾಲಿನೂ ಕಾಯತೈತೇನ್ರಿ?”

“ಬೆಂಕಿಗೆ ಓದಾಕ ಬರಂಗಿಲ್ಲ ತಮ್ಮಾ.”

ಐತವಾರ ಬಂತು.

ಊರೂರಿನ ಹುಡುಗರು ಬಂದಿದ್ದರು. ರಾವುತ ಸಾಲಿನಲ್ಲಿ ನಿಂತು ಅತ್ತಿತ್ತ ಕಣ್ಣಾಡಿಸಿದ. ಎಂಥೆಂಥ ಹೆಸರಿನ ಗಾಲಿ! ಹೋದ ವಾರವಾಗಿದ್ದರೆ ಆ ಹೆಸರುಗಳನ್ನೇ ಓದುತ್ತ ಸೋತುಬಿಡುತ್ತಿದ್ದ. ಈಗ ಬಗ್ಗಿ ತನ್ನ ಹಿಂದಿನ ಗಾಲಿಯ ಒಂದು ಕಡ್ಡಿ ಮೀಟಿದ. ಸಾಕು ಅನಿಸಿತು.

ಏರಿನಲ್ಲಿ ಗುಂಪು ಒಡೆಯಿತು. ಗುಡ್ಡದ ತಲೆಯ ಮೇಲೆ ಮುಂದೆ ಉಳಿದವರು ಕೆಲವರೇ. ಅವರಲ್ಲಿ ತುಷಾರನಿದ್ದ, ರಾವುತನಿದ್ದ.

ಇಳಿಜಾರಿನಲ್ಲಿ ಗಾಳಿ ಕಿವಿಯಲ್ಲಿ ಕೂಗಿತು. ರಾವುತ ಒತ್ತಿದ, ಬಿಟ್ಟ. ಒತ್ತಿದ, ಬಿಟ್ಟ. ತೊಗರಿ ಹೊಲದ ತಿರುವು ಬಂತು. ಅಲ್ಲಿ ಇಬ್ಬರು ಅಂಜಿ ನಿಧಾನ ಮಾಡಿದರು. ಅವನು ತಿರುವಿನ ಒಳಬದಿಯಿಂದ ಅವರನ್ನು ದಾಟಿ ಹೋದ.

ಬಯಲಿಗೆ ಬಂದಾಗ ಮುಂದೆ ಇದ್ದವನು ತುಷಾರ ಒಬ್ಬನೇ.

ಸೇತುವೆ ಕಾಣಿಸಿತು. ರಾವುತ ಬೆನ್ನು ಬಗ್ಗಿಸಿ ತುಳಿದ. ತುಷಾರ ತಿರುಗಿ ನೋಡಿದ, ಹಲ್ಲು ಕಚ್ಚಿದ. ಹೆಗಲಿಗೆ ಹೆಗಲು ಬಂತು. ಕಾಲು ಉರಿಯಿತು, ಎದೆ ಹರಿಯುವಂತಾಯಿತು. ಗೆರೆ ದಾಟಿದಾಗ ರಾವುತನ ಗಾಲಿ ಒಂದು ಗೇಣು ಮುಂದಿತ್ತು.

ತುಷಾರ ಸೇತುವೆಯ ಕಟ್ಟೆಗೆ ಸೈಕಲ್ಲು ಆನಿಸಿ ನೆಲಕ್ಕೆ ಬಿದ್ದುಕೊಂಡ. ಉಸಿರು ಬಂದ ಮೇಲೆ ಕೈ ಎತ್ತಿದ.

“ಲೇ, ಆ ಗಾಲಿ ತೊಳದಾಂವ ನಾನು. ಅರ್ಧಾ ಸೀಟು ನನಗ ಕೊಡು.”

“ಮುಂದಿನ ವರ್ಷ ಪೂರಾ ತಗೋ,” ಅಂದ ರಾವುತ. ಇಬ್ಬರೂ ನಕ್ಕರು.

ಜನ ಮುತ್ತಿದರು. ಬೇರೆ ಊರಿನ ಕೋಚೊಬ್ಬರು ಬಗ್ಗಿ ಗಾಲಿ ನೋಡಿದರು. ಮೊಬೈಲಿನಲ್ಲಿ ಫೋಟೋ ತೆಗೆದರು.

“ಯಾವ ಕಂಪನೀದೋ ತಮ್ಮಾ?”

“ಕಂಪನಿ ಇಲ್ರಿ. ಹೆಸರಾ ಇಲ್ರಿ ಇದಕ್ಕ. ಸೋವಿ ಗಾಲಿ!”

ಅಂದವನೇ ರಾವುತ ಓಡಿದ. ಆಯ್ಕೆ ಮಾಡುವವರ ಮೇಜಿನ ಹತ್ತಿರ ಉಸ್ತಾದರು ನಿಂತಿದ್ದರು. ಗೆದ್ದವನ ಹೆಸರು ತಂಡದ ಪಟ್ಟಿಯಲ್ಲಿ ಬರೆಯಿರಿ ಅಂತ ಅಲ್ಲಿ ಅವರಿಗೆ ಹೇಳುತ್ತಿದ್ದರು.

ರಾವುತ ಅವರ ಕಾಲಿಗೆ ಬಿದ್ದ. ಎದ್ದಾಗ ಅವನ ಕಣ್ಣಲ್ಲಿ ನೀರು, ಬಾಯ್ತುಂಬ ನಗು.

“ಉಸ್ತಾದ್ರ, ನೋಡಿದ್ರೇನ್ರಿ? ದೊಡ್ಡ ಹೆಸರಿನವೆಲ್ಲಾ ಹಿಂದ ಉಳದೂವು! ನನ್ನ ಸೋವಿ ಗಾಲಿ ಗೆದ್ದಿತ್ರಿ!”

ಉಸ್ತಾದರು ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡರು.

“ಗಾಲಿ ಗೆದ್ದಿತೇನು? ಹಂಗಾರ ಅದರ ಹೆಸರ ಹೇಳು, ಬರೀತೀನಿ.”